ಜಾಲಿಮುಳ್ಳಿಗೆ ಕೇಳುವವರು

ಮನುಷ್ಯನ ಬದುಕು ನಿಂತಿರುವುದು ನಂಬಿಕೆಯ ಮೇಲೆ. ನನ್ನದು ಸೈಕಲ್ ಟೈರಿನ ಮೇಲೆ ನಿಂತಿತ್ತು. ಮಳೆಯಿರಲಿ ಬಿಸಿಲಿರಲಿ, ವಿಜಯಪುರದಿಂದ ಬಬಲೇಶ್ವರದ ಶಾಲೆಗೆ ಗಂಟೆ ಹೊಡೆಯುವ ಮೊದಲು ಮುಟ್ಟಬೇಕು. ಇನ್ನೊಮ್ಮೆ ತಡವಾದರೆ ಮೆಮೊ ಎಂದಿದ್ದರು ಹೆಡ್‌ಮಾಸ್ತರರು.

ಸೊಲ್ಲಾಪುರ ರಸ್ತೆಯ ಸೈಕಲ್ ಅಂಗಡಿಯವರು, ಬೇರೆಯವರು ಬೀಡಿ ಸಿಗಿಸುವ ಕಿವಿಯ ಮೇಲೆ ಜಾಲಿಮುಳ್ಳು ಸಿಗಿಸುತ್ತಿದ್ದರು. ಟೈರು ಕೇಳಿದರೆ, “ತಡೀರಿ ಸರ, ಮುಳ್ಳಿಗೆ ಕೇಳೂಣು,” ಎಂದು ತಮ್ಮ ಮಾಲಿಗೇ ಚುಚ್ಚುತ್ತಿದ್ದರು. ನಾನು ಕೊಳ್ಳಲು ಹೋದ ದಿನ ಮೂರು ಟೈರು ಸೋತವು. ನಾಲ್ಕನೆಯದಕ್ಕೆ ಮುಳ್ಳೇ ಮುರಿಯಿತು.

“ಹನ್ನೆರಡೂ ತಿಂಗಳಿಗೆ ಇದ ನೋಡ್ರಿ!”

ಮರುದಿನ ಊರು ದಾಟುವ ಮೊದಲೇ ಆ ಹೊಸ ಟೈರಿಗೆ ಟಾಂಗಾ ಕುದುರೆಯ ಲಾಳದ ಮೊಳೆ ಹೊಕ್ಕಿತು. ಸೈಕಲ್ ನೂಕಿಕೊಂಡು ಅಂಗಡಿಗೆ ಮರಳಿದೆ. ಅವರು ಮೊಳೆ ಕಿತ್ತು, ಗಂಭೀರವಾಗಿ ನೋಡಿ ನುಡಿದರು:

“ಕುದರಿಗೆ ಕೇಳೂದು ಮರತಿದ್ವಿರಿ, ಸರ.”

ಮಧ್ಯಾಹ್ನ ನನಗೆ ಮೆಮೊ ಬಂತು. ಅವರ ಕಿವಿಯ ಮೇಲೆ ಮುಳ್ಳಿನ ಪಕ್ಕ ಆ ಮೊಳೆ ಬಂತು.