ಹತ್ತಿ ರಾಶಿ ಓಗೊಟ್ಟ ಮಧ್ಯಾಹ್ನ

ಕೊರೊನಾ ಸರಿದ ಮರುವರ್ಷದ ಹತ್ತಿ ಹಂಗಾಮು. ಹಿರೇಕೆರೂರಿನ ಹೊರಗಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ನಾನು ಫೋರ್‌ಮನ್. ಜಿನ್ನಿಂಗ್ ಎಂದರೆ ಹತ್ತಿಯಿಂದ ಕಾಳು ಬೇರ್ಪಡಿಸುವ ಕೆಲಸ. ನನ್ನದು ಹಾನಗಲ್ ಕಡೆಯ ಹಳ್ಳಿ. ಆರನೆಯ ಇಯತ್ತೆಯ ನಡುವೆಯೇ ಶಾಲೆ ಬಿಟ್ಟೆ. ಹತ್ತಿ ಹೊರುವ ಆಳಾಗಿ ಮಿಲ್ಲಿನ ಒಳಗೆ ಬಂದವನು ಬೆಲ್ಟು ಏರಿಸುವುದನ್ನು, ರೋಲರು ಕಟ್ಟುವುದನ್ನು ನೋಡಿ ನೋಡಿ ಕಲಿತು, ಕೊನೆಗೆ ಇಡೀ ಶೆಡ್ಡು ನನ್ನ ಮಾತಿನ ಮೇಲೆ ನಡೆಯುವಂತೆ ಮಾಡಿಕೊಂಡೆ. ಯಾರ ಶಿಫಾರಸಿನಿಂದಲೂ ಬಂದ ಕುರ್ಚಿಯಲ್ಲ ಅದು.

ಆಳುಗಳನ್ನು ತೆಗೆದುಕೊಳ್ಳುವುದೂ ನನ್ನ ಕೆಲಸವೇ ಆಗಿತ್ತು. ಅದರಲ್ಲಿ ನನ್ನದೊಂದು ಕಟ್ಟುನಿಟ್ಟು: ಕಾಲೇಜು ಮೆಟ್ಟಿಲು ಹತ್ತಿದವರು ಬೇಡ. ಅಂಥವರು ಬೇರೆ ಕಡೆಯಿಂದ ಕರೆ ಬಂದ ಕೂಡಲೇ ಹಂಗಾಮಿನ ನಡುವೆ ಎದ್ದು ಹೋಗುತ್ತಾರೆ. ಹೊಸಬರನ್ನು ರೋಲರಿನ ಮುಂದೆ ನಿಲ್ಲಿಸಿ ಕಲಿಸುವಷ್ಟರಲ್ಲಿ ಯಾರದಾದರೂ ಬೆರಳು ಹೋಗಿರುತ್ತದೆ. ಆ ವರ್ಷ ಗೇಟಿನಲ್ಲಿ ಸವಣೂರಿನ ಹುಡುಗನೊಬ್ಬ ಬಿ.ಎ. ಎಂದು ಬರೆದ ಅರ್ಜಿ ಚಾಚಿದ.

"ಡಿಗ್ರಿಯಾರಿಗೆ ಇಲ್ಲೆ ಕುರ್ಚಿ ಇಲ್ಲಪಾ, ಹತ್ತಿ ಮ್ಯಾಲೆ ಕುಂದ್ರತೀಯೇನು?" ಎಂದು ಅವನನ್ನು ಹಿಂದಕ್ಕೆ ಕಳಿಸಿದೆ. ಸಾಲಿನಲ್ಲಿದ್ದವರು ನಕ್ಕರು.

ಅವನ ಹಿಂದೆ ನಿಂತವನು ಅದೇ ಸವಣೂರು ಕಡೆಯ ಹತ್ತಿಮತ್ತೂರಿನ ಮಾಲತೇಶ. ಅರ್ಜಿ ಮಡಚಿ ಕಿಸೆಯಲ್ಲಿಟ್ಟುಕೊಂಡು, "ಏಳನೇತ್ತ ಆಗೈತ್ರಿ ಅಣ್ಣಾರ" ಎಂದ. ನನಗಿಂತ ಒಂದೆರಡೇ ಇಯತ್ತೆ ಹೆಚ್ಚು. ಇವನು ನಮ್ಮವನು ಎನಿಸಿ ತೆಗೆದುಕೊಂಡೆ.

ಮಾಲತೇಶ ಕೆಲಸಕ್ಕೆ ಗಟ್ಟಿ, ಮಾತಿಗೆ ಇಲ್ಲ. ಹೆಣ್ಣಾಳುಗಳ ಮುಂದಾಳು ಫಕ್ಕೀರವ್ವ ಅವನನ್ನು ಕಾಡುವಳು: "ಏನೋ ತಮ್ಮಾ, ಸವಣೂರು ಸಂತ್ಯಾಗ ವೀಳ್ಯದೆಲಿ ಜೋಡಿ ಬಾಯೀನೂ ಮಾರಿ ಬಂದೀಯೇನು?" ಅವನು ತಲೆ ತಗ್ಗಿಸಿ ಬುಟ್ಟಿ ಎತ್ತುವನು. ಒಮ್ಮೆ ಮೋಟರಿನ ಮೇಲಿನ ಇಂಗ್ಲಿಷ್ ಫಲಕ ತೋರಿಸಿ, "ಇದ್ರಾಗ ಏನು ಬರದಾರ್ರಿ?" ಎಂದು ನನ್ನನ್ನು ಕೇಳಿದ. "ಡೇಂಜರ್, ಅಂದ್ರ ಅಪಾಯ" ಎಂದು ನಾನೇ ಓದಿ ಹೇಳಿದೆ. ಆದರೆ ಫಕ್ಕೀರವ್ವ ಮೂಲೆಗೆ ಕರೆದು ಬೇರೆ ಮಾತು ಹೇಳಿದಳು. "ಅಣ್ಣಾರ, ಆ ಹುಡುಗನ ಮೈಮ್ಯಾಲೆ ಯಾರೋ ಅದಾರ. ಅಂವನ ಮಾರಿ ಒಂದು ಕಡೆ ಇರ್ತೈತಿ, ಕಣ್ಣು ಇನ್ನೊಂದು ಕಡೆ ಓಡಾಡ್ತಾವ."

ಸ್ವಲ್ಪ ದಿನಕ್ಕೆ, ಹತ್ತಿ ಪೇರಿಸುವ ಎರಡನೆಯ ಶೆಡ್ಡಿನಲ್ಲಿ ದನಿ ಶುರುವಾಯಿತು.

ಊಟಕ್ಕೆ ಯಂತ್ರಗಳು ನಿಂತಾಗ ಮಿಲ್ಲಿನಲ್ಲಿ ಬೀಳುವ ನಿಶ್ಶಬ್ದ ಬೇರೆಲ್ಲೂ ಇಲ್ಲ. ತಗಡಿನ ಛಾವಣಿ ಮುಟ್ಟುವಂತೆ ಪೇರಿಸಿದ ಹತ್ತಿ ಎಲ್ಲ ಸದ್ದನ್ನೂ ನುಂಗುತ್ತದೆ. ಎದುರಿಗೆ ನಿಂತವನ ಮಾತೂ ಎಷ್ಟೋ ದೂರದಿಂದ ಬಂದಂತಿರುತ್ತದೆ. ಆ ನಿಶ್ಶಬ್ದದೊಳಗೆ, ಬೆಳಕಿನ ಮಧ್ಯಾಹ್ನದಲ್ಲಿ, ರಾಶಿಯ ಹೊಟ್ಟೆಯಿಂದ ಗಂಡಸೊಬ್ಬನ ದನಿ ಬರುತ್ತದೆ ಎಂದು ಹೆಣ್ಣಾಳುಗಳು ಶೆಡ್ಡು ಬಿಟ್ಟು ಹೊರಗೆ ಬಂದರು. ನಾನು ಬೈದೆ. ಮರುದಿನ ನಾನೇ ಹೋಗಿ ನಿಂತೆ.

ದನಿ ಬಂತು. ಇಂಗ್ಲಿಷು. ಏರಿಳಿತವಿಲ್ಲದೆ, ಅವಸರವಿಲ್ಲದೆ ನಡೆಯುತ್ತಿತ್ತು. ನಡುನಡುವೆ ನಿಲ್ಲುತ್ತಿತ್ತು, ಯಾರದೋ ಉತ್ತರಕ್ಕೆ ಕಾಯುವಂತೆ. ಆ ಬಿಡುವಿನಲ್ಲಿ ಬಹಳ ಮಕ್ಕಳು ಒಟ್ಟಿಗೆ ಪಿಸುಗುಟ್ಟಿದಂಥ ಸದ್ದು. ಆಮೇಲೆ ದನಿ, "ವೆರಿ ಗುಡ್. ಸಿಟ್ ಡೌನ್." ನನಗೆ ಅರ್ಥವಾದದ್ದು ಅಷ್ಟೇ. ಯಾರು ಎಂದು ಕೂಗಿದ್ದೇ ತಡ, ದನಿ ನಿಂತುಹೋಯಿತು. ರಾಶಿಯ ಮೇಲೆ ಹತ್ತಿದೆ. ಯಾರೂ ಇರಲಿಲ್ಲ. ಹತ್ತಿಯಲ್ಲಿ ಹೆಜ್ಜೆಯ ಗುರುತೂ ಉಳಿಯುವುದಿಲ್ಲ. ಕಾಲೆತ್ತಿದರೆ ಉಬ್ಬಿ ಮೊದಲಿನಂತಾಗುತ್ತದೆ.

ಫಕ್ಕೀರವ್ವ ಹುಲಗೂರು ದರ್ಗಾದಿಂದ ದಾರ ತಂದು ಬಾಗಿಲಿಗೆ ಕಟ್ಟಿದಳು. "ಅಂವ ಯಾವನೋ ಸತ್ತ ಮಾಸ್ತರ ಇರಬೇಕ್ರಿ. ಹೆಸರು ಹಿಡಿದು ಮೂರು ಸಲ ಕರದ್ರ ಹೊರಗ ಬರ್ತಾನ. ಯಾರೂ ಕರೀಬ್ಯಾಡ್ರಿ." ಇನ್ನೊಮ್ಮೆ ಏನಾದರೂ ಆದರೆ ಆಳುಗಳೆಲ್ಲ ಮಿಲ್ಲು ಬಿಡುವುದು ನನಗೆ ಸ್ಪಷ್ಟವಿತ್ತು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಊಟದ ನಂತರ ಸ್ವಿಚ್ ಹಾಕುವ ಮೊದಲು ಫೋರ್‌ಮನ್ ಒಬ್ಬೊಬ್ಬರ ಹೆಸರನ್ನೂ ಕೂಗಬೇಕು. ಅವರು "ಓ" ಎನ್ನಬೇಕು. ರೋಲರಿನೊಳಗೆ ಕೈ ಹಾಕಿ ಕಸ ತೆಗೆಯುವವರು ಇರುತ್ತಾರೆ, ಅದಕ್ಕೆ. ಆ ಮಧ್ಯಾಹ್ನವೂ ಕೂಗಿದೆ. ಒಬ್ಬೊಬ್ಬರೇ ಓಗೊಟ್ಟರು.

"ಮಾಲತೇಶಾ!"

ಮತ್ತೊಮ್ಮೆ ಕೂಗಿದೆ.

ಎರಡನೆಯ ಶೆಡ್ಡಿನ ರಾಶಿಯ ಒಳಗಿನಿಂದ, ಅದೇ ದನಿ, ತೀರಾ ಸಣ್ಣಗೆ: "ಪ್ರೆಸೆಂಟ್, ಸರ್."

ಬುಟ್ಟಿಗಳು ಕೆಳಗೆ ಬಿದ್ದವು. ಅರ್ಧ ಜನ ಆಗಲೇ ಗೇಟಿನತ್ತ ಓಡಿದ್ದರು. ಫಕ್ಕೀರವ್ವ ನನ್ನ ಅಂಗಿ ಹಿಡಿದಳು. "ಅದು ಹುಡುಗನ ಹೆಸರು ಹಿಡಕೊಂಡೈತ್ರಿ! ಮೂರನೇ ಸಲ ಕರೀಬ್ಯಾಡ್ರಿ, ನಿಮ್ಮ ಕಾಲು ಬೀಳ್ತೇನಿ!"

ನನಗೂ ಹೆದರಿಕೆಯಿತ್ತು. ಆದರೆ ಹಾಜರಿ ಕೂಗುವವನು ನಾನು. ಹೆಸರಿಗೆ ಓಗೊಟ್ಟ ಮೇಲೆ ಅದು ದೆವ್ವವಾದರೂ ನನ್ನ ಆಳೇ. ಮೂರನೆಯ ಸಲ ಕೂಗಿದೆ.

"ಅಣ್ಣಾರ…" ಎಂದಿತು ರಾಶಿ. "ಉಸಿರು…"

"ಕೊಕ್ಕಿ ಮುಟ್ಟಬ್ಯಾಡ್ರಿ, ಕೈಲೆ ತಗೀರಿ!" ಎಂದು ಕೂಗುತ್ತ ರಾಶಿಗೆ ಬಿದ್ದೆ. ಕಬ್ಬಿಣದ ಕೊಕ್ಕಿಯಿಂದ ಕೆದಕಿದ್ದರೆ ಒಳಗಿನ ಮೈಗೇ ಚುಚ್ಚುತ್ತಿತ್ತು. ಮೊದಲು ನನ್ನ ಪಕ್ಕ ಬಂದು ಮಂಡಿಯೂರಿದವಳು ಫಕ್ಕೀರವ್ವನೇ. ಬಾಯಲ್ಲಿ ಬೈಗುಳ, ಕೈ ಮಾತ್ರ ನಿಲ್ಲಲಿಲ್ಲ. ಹತ್ತಿ ತೆಗೆದಷ್ಟೂ ಮೇಲಿನಿಂದ ಜಾರಿ ಬರುತ್ತಿತ್ತು. ಕೊನೆಗೆ ಒಂದು ಕೈ ಸಿಕ್ಕಿತು. ಎಳೆದಾಗ ಹೊರಬಂದವನನ್ನು ನೋಡಿ ಹೆಂಗಸರು ಮತ್ತೆ ಚೀರಿದರು. ರೆಪ್ಪೆ, ತುಟಿ, ಮೂಗಿನ ಹೊಳ್ಳೆ ಎಲ್ಲ ಬಿಳಿ.

ಕೆಮ್ಮಿ ಕೆಮ್ಮಿ ಉಸಿರು ತಿರುಗಿದ ಮೇಲೆ ಮಾಲತೇಶ ಆಡಿದ ಮೊದಲ ಮಾತು: "ಅಣ್ಣಾರ, ನಾ ಎಂ.ಎ. ಮಾಡೇನ್ರಿ."

"ಸಾಯೋ ಮುಂದ ಹೇಳೋ ಮಾತೇನಲೇ ಇದು?" ಎಂದಳು ಫಕ್ಕೀರವ್ವ. ಹೇಳುತ್ತಲೇ ಅತ್ತಳು.

ಆಮೇಲೆ ಎಲ್ಲವೂ ತಿಳಿಯಿತು. ಶಿಗ್ಗಾವಿಯ ಒಂದು ಶಾಲೆಯಲ್ಲಿ ಅವನು ಮಾಸ್ತರಿಕೆಗೆ ಸಂದರ್ಶನ ಕೊಟ್ಟಿದ್ದ. ಪಾಠ ಮಾಡಿ ತೋರಿಸಬೇಕಾದಾಗ ನಾಲಗೆ ಏಳದೆ ಹಿಂತಿರುಗಿದ್ದ. ಮನೆ ನಡೆಸಲು ಕೂಲಿ ಬೇಕಿತ್ತು. ಗೇಟಿನಲ್ಲಿ ನನ್ನ ಮಾತು ಕೇಳಿ ಡಿಗ್ರಿ ಮುಚ್ಚಿಟ್ಟ. ಹತ್ತಿ ಎಳೆದೆಳೆದು ರಾಶಿಯ ಹಿಂಬದಿಯಲ್ಲಿ ಗವಿಯಂತಾಗಿತ್ತು. ಅದರ ಬಾಯಿ, ಒತ್ತಿ ಕಟ್ಟಿದ ಹತ್ತಿಯ ಬೇಲುಗಳ ಮರೆಯಲ್ಲಿತ್ತು. ಬಿಡುವಿನಲ್ಲಿ ಅಲ್ಲಿ ಕುಳಿತು ಬಿಳಿ ಗೋಡೆಗೆ ಪಾಠ ಹೇಳುತ್ತಿದ್ದ. ಅಂದು ಗವಿ ಅವನ ಮೇಲೆ ಕುಸಿದಿತ್ತು.

"ದನಿ ಇರ್ಲಿ. ಆ ಮಕ್ಕಳ ಗುಜುಗುಜು ಹೆಂಗ ಮಾಡ್ತಿದ್ದಿ?" ಎಂದು ಕೇಳಿದೆ.

ಅವನು ರಾಶಿಯತ್ತ ತಿರುಗಿದ. "ನಿಮಗೂ ಕೇಳ್ತಿತ್ತೇನ್ರಿ?"

ಹತ್ತಿ ಕುಳಿತುಕೊಳ್ಳುವಾಗ ಹಾಗೆ ಸದ್ದಾಗುತ್ತದೆ ಎಂದು ಅವನಿಗೆ ಹೇಳಿದೆ. ನನಗೂ ಹಾಗೆಯೇ ಹೇಳಿಕೊಂಡಿದ್ದೇನೆ.

ಹಂಗಾಮು ಮುಗಿಯುವ ತನಕ ಅವನು ನಮ್ಮಲ್ಲೇ ದುಡಿದ, ನಡುವೆ ಎದ್ದು ಹೋಗಲಿಲ್ಲ. ಈಗ ಶಿಗ್ಗಾವಿ ಕಡೆ ಮಾಸ್ತರ. ಈಗಲೂ ಕೆಲಸ ಹುಡುಕುವ ಹುಡುಗರು ನನ್ನನ್ನು ಕೇಳುತ್ತಾರೆ, ಅರ್ಜಿಯಲ್ಲಿ ಡಿಗ್ರಿ ಬರೆಯಬೇಕೋ ಬಿಡಬೇಕೋ ಎಂದು. ಹೊಟ್ಟೆಪಾಡಿಗೆ ಬಿಡಬೇಕಾದರೆ ಬಿಡು ಎನ್ನುತ್ತೇನೆ; ಕೆಲಸ ಕೊಡುವವನಿಗೆ ಅವನದೇ ಲೆಕ್ಕವಿರುತ್ತದೆ, ನನಗೂ ಇತ್ತು. ಆದರೆ ಪಕ್ಕದಲ್ಲಿ ದುಡಿಯುವ ಒಬ್ಬರಿಗಾದರೂ ಹೇಳಿರು. ಹೂತುಹೋದ ದಿನ ನೀನು ಕೂಗಿದರೆ, ಅದು ನಿನ್ನದೇ ದನಿ ಎಂದು ಗುರುತು ಹಿಡಿಯುವವರು ಹೊರಗೆ ಯಾರಾದರೂ ಇರಬೇಕು.