ರಾಗವಿಲ್ಲದ ಓದು

ಹಾಡುಗಾರ್ತಿಯೆಂದು ನಾಲ್ಕು ಜನರ ಬಾಯಲ್ಲಿದ್ದ ಅವಳಿಗೆ, ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವ ಕೆಲಸ ನೀರು ಕುಡಿದಷ್ಟು ಸುಲಭವೆನಿಸಿತ್ತು. ಇಷ್ಟು ದಿನ ಪದ್ಯಗಳನ್ನೇ ಓದಿದ್ದಳು, ಯಾರೂ ಚಕಾರವೆತ್ತಿರಲಿಲ್ಲ. ಈಗ ಮೊದಲ ಸಲ ಕಾದಂಬರಿಯೊಂದು ಕೈಗೆ ಬಂದಿತ್ತು.

ಪ್ರತಿ ಧ್ವನಿಮುದ್ರಣವನ್ನೂ ಕೇಳಿ ಒಪ್ಪಿಗೆ ಕೊಡುತ್ತಿದ್ದವರು ಒಬ್ಬ ಅಜ್ಜ. ದೃಷ್ಟಿ ಕಳೆದುಕೊಂಡ ಹಳೆಯ ಟೆಲಿಫೋನ್ ಆಪರೇಟರ್. ಮೊದಲ ಅಧ್ಯಾಯ ಮುಗಿಯುತ್ತಲೇ ಹೆಡ್‌ಫೋನ್ ತೆಗೆದು ಆಕಳಿಸಿದರು.

"ದನಿ ಬಂಗಾರ ತಾಯಿ. ಆದ್ರೆ ಅಲ್ಲಿ ಗಂಡನಿಗೆ ಆಪರೇಷನ್ ನಡೀತಿದೆ, ಹೆಂಡತಿ ಹೊರಗೆ ಒದ್ದಾಡ್ತಿದಾಳೆ. ನೀವು ಜೋಗುಳ ಹಾಡಿದ್ರಿ. ನನಗೆ ಜೊಂಪು ಹತ್ತಿಬಿಡ್ತು."

"ನಾಳೆ ಇನ್ನೊಂದ್ಸಲ ಓದ್ತೀನಿ ಅಜ್ಜಾ" ಎಂದೇನೋ ಅಂದಳು. ಮನೆಗೆ ಬಂದು ಕನ್ನಡಿಯ ಮುಂದೆ ಓದಿದರೆ, ದನಿ ಮತ್ತೆ ಮತ್ತೆ ಉಯ್ಯಾಲೆ ಹತ್ತಿ ಕೂರುತ್ತಿತ್ತು. ಪದ್ಯದಲ್ಲಾದರೆ ಸಾಲು ಮುಗಿದಲ್ಲಿ ಉಸಿರು. ಇಲ್ಲಿ ಸಾಲು ಮುಗಿಯುವುದು ಕಾಗದ ಮುಗಿಯಿತೆಂದು! ಎಲ್ಲಿ ನಿಲ್ಲುವುದು?

ಅಷ್ಟರಲ್ಲಿ ತಂಗಿ ಏದುಸಿರು ಬಿಡುತ್ತ ನುಗ್ಗಿದಳು.

"ಅಕ್ಕಾ, ಅಮ್ಮ ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದ್ರು ಕಣೇ! ಕರೆಂಟ್ ಹೋಗಿ, ನಾನು ಮೆಟ್ಟಿಲು ಹತ್ತಿ ಓಡಿ, ಬಾಗಿಲು ಬಡಿದು, ಅಮ್ಮಾ ಅಮ್ಮಾ ಅಂತ ಕೂಗ್ತಾ ಇದ್ರೆ ಒಳಗಿಂದ ಸದ್ದಿಲ್ಲ. ಸದ್ದೇ ಇಲ್ಲ."

ಅಕ್ಕ ಪುಸ್ತಕ ಮಡಚಿಟ್ಟಳು. "ಆಮೇಲೆ?"

"ಆಮೇಲೇನು? 'ಅರಚಬೇಡ, ಕಿವಿ ತೂತಾಗುತ್ತೆ' ಅಂದ್ರು. ಆರಾಮಾಗಿದಾರೆ ಬಿಡು."

ತಂಗಿ ನಕ್ಕಳು. ಅಕ್ಕ ಮಾತ್ರ ಇನ್ನೂ ಆ ಲಿಫ್ಟಿನ ಬಾಗಿಲಲ್ಲೇ ನಿಂತಿದ್ದಳು. ತಂಗಿಯ ಮಾತಿಗೆ ಪ್ರಾಸವಿಲ್ಲ, ತಾಳವಿಲ್ಲ, ಆದರೂ ಓಡುವಾಗ ಮಾತೂ ಓಡಿತ್ತು, ಹೆದರಿದಾಗ ಎರಡೇ ಪದಕ್ಕೆ ಮುರಿದು ಬಿದ್ದಿತ್ತು. ಅವಳು ಕಾದಂಬರಿ ತೆರೆದಳು. ಹೆಂಡತಿ ಅತ್ತಿಂದಿತ್ತ ಅಲೆದಾಡುವುದು ಅರ್ಧ ಪುಟದ ಒಂದೇ ವಾಕ್ಯ. ಅದರ ಬೆನ್ನಿಗೇ, ಆಪರೇಷನ್ ಕೋಣೆಯ ಹೊರಗಿನ ಕೆಂಪು ದೀಪದ ಬಗ್ಗೆ ಎರಡೇ ಪದ: 'ದೀಪ ಆರಿತು.' ಬರೆದವರು ಉಸಿರನ್ನು ಅಲ್ಲೇ ಇಟ್ಟಿದ್ದರು. ತಾನು ಅದರ ಮೇಲೆ ರಾಗ ಸುರಿದಿದ್ದಳು.

ಮರುದಿನ ಅಜ್ಜನ ಎದುರೇ ಕೂತು ಓದಿದಳು. ರಾಗ ಬಿಟ್ಟ ದನಿ ಅವಳಿಗೇ ಬೋಳುಬೋಳಾಗಿ ಕೇಳಿತು. ಅಜ್ಜ ಮಿಸುಕಲಿಲ್ಲ. ಮತ್ತೆ ನಿದ್ದೆ ಹೋದರೇ? ಓದು ನಿಲ್ಲಿಸಿದಳು.

"ಯಾಕೆ ನಿಲ್ಲಿಸಿದ್ರಿ?" ಅಜ್ಜ ಗದರಿದರು. "ಗಂಡ ಉಳ್ಕೊಂಡ್ನೋ ಇಲ್ವೋ?"

ಧ್ವನಿಮುದ್ರಣಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಬಸ್ಸಿನಲ್ಲಿ ಕೂತು ಎರಡನೆಯ ಅಧ್ಯಾಯ ತಿರುವಿದವಳಿಗೆ ಮತ್ತೆ ಅದೇ ಪ್ರಶ್ನೆ: ಎಲ್ಲಿ ನಿಲ್ಲುವುದು? ಅದರಲ್ಲಿ ಏನೂ ನಡೆಯುವುದಿಲ್ಲ. ಒಬ್ಬಾಕೆ ಕಿಟಕಿಯ ಬಳಿ ಕೂತು ಬೀದಿ ನೋಡುತ್ತಾಳೆ, ಅಷ್ಟೇ. ತುಟಿಯಲ್ಲೇ ಮೊದಲ ವಾಕ್ಯ ಓದಿಕೊಂಡಳು. ಸರಿಹೋಗಲಿಲ್ಲ. ಇನ್ನೊಮ್ಮೆ ಓದಿಕೊಂಡಳು.