ಕೆಂಪಿಗೆ ಹೋದ ಮುಳ್ಳು

ಕಳೆದ ವಾರ ಹಿನಕಲ್‌ನ ಲ್ಯಾಬೊಂದಕ್ಕೆ ರಕ್ತಪರೀಕ್ಷೆಗೆ ಹೋಗಿದ್ದೆ. ಅಲ್ಲಿನ ಹುಡುಗಿ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ವಾಸನೆಗೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದೆ, ನನಗೆ ನಜರ್‌ಬಾದಿನ ಕ್ಯಾಸೆಟ್ ಅಂಗಡಿ... ಕಣ್ಣು ತುಂಬಿದ್ದು ನೋಡಿ ಅವಳಿಗೆ ಗಾಬರಿ. "ಇನ್ನೂ ಚುಚ್ಚೇ ಇಲ್ವಲ್ಲ ಮೇಡಂ!"

ಆ ಅಂಗಡಿ ನಮ್ಮ ಎದುರುಮನೆಯ ಮಾಮನದು. ಸ್ವಂತ ಮಾವನಲ್ಲ, ಬೀದಿಗೆಲ್ಲ ಮಾಮ. ಖಾಲಿ ಕ್ಯಾಸೆಟ್ ಕೊಟ್ಟರೆ ಬೇಕಾದ ಹಾಡು ತುಂಬಿಸಿಕೊಡುತ್ತಿದ್ದರು. ಮುಂಭಾಗದಲ್ಲಿ ಭಕ್ತಿಗೀತೆ, ಸಿನಿಮಾ ಹಾಡು. ಪರದೆಯ ಹಿಂದೆ ರಾಕ್. ಮೈಸೂರಿಗೆ ಓದಲು ಬಂದ ವಿದೇಶಿ ವಿದ್ಯಾರ್ಥಿಗಳು ಊರಿಗೆ ಹೊರಡುವಾಗ ಬಿಟ್ಟುಹೋದ ರೆಕಾರ್ಡುಗಳೇ ಅವರ ಆಸ್ತಿ. ರೆಕಾರ್ಡ್ ಮಾಡುವ ಮೊದಲು ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಡೆಕ್ಕಿನಲ್ಲಿ ಟೇಪು ಉಜ್ಜಿಕೊಂಡು ಹೋಗುವ ಹೆಡ್ ಒರೆಸಲೇಬೇಕು. ಅದಾಗದೆ ಗುಂಡಿ ಮುಟ್ಟುತ್ತಿರಲಿಲ್ಲ.

ಇನ್ನೊಂದು ಹಟವೂ ಇತ್ತು. ನೇರವಾಗಿ ಬಂದು ರಾಕ್‌ನಲ್ಲೇ ಅತಿ ಅಬ್ಬರದ ಹೆವಿ ಮೆಟಲ್ ಕೇಳಿದವರಿಗೆ ಕೊಡುತ್ತಿರಲಿಲ್ಲ. "ಅಪ್ಪ ಯಾರು ಅಂತ ಗೊತ್ತಿಲ್ದೆ ಮಗನ್ನ ಮನೆಗೆ ಕರ್ಕೊಂಡ್ ಹೋಗ್ತೀಯಾ? ಮೊದ್ಲು ಬ್ಲೂಸ್ ಕೇಳಮ್ಮ," ಎಂದು ಕ್ಯಾಸೆಟ್ಟಿನ ಮೊದಲ ಬದಿ ತುಂಬ ಬ್ಲೂಸ್, ಅಮೆರಿಕದ ಕಪ್ಪುಜನರ ಆ ದುಃಖದ ಹಾಡುಗಳನ್ನು, ತುಂಬಿಬಿಡುತ್ತಿದ್ದರು. ಬ್ಯಾಂಡುಗಳ ಹೆಸರನ್ನು ಅವರು ಹೇಳಿದ್ದೇ ಇಲ್ಲ. ನಮ್ಮಲ್ಲಿ ಮನೆತನ ಗುರುತಿಸುವ ಹಾಗೆ ಊರಿನಿಂದಲೋ ಗುಣದಿಂದಲೋ ಕರೆಯುವುದು. ಇಂಗ್ಲೆಂಡಿನ ಕಾರ್ಖಾನೆಗಳ ನಡುವೆ ಬೆಳೆದು ಮೆಟಲ್ ಹುಟ್ಟಿಸಿದವರು 'ಕಾರ್ಖಾನೆ ಊರಿನವರು'. ಕ್ಯಾಸೆಟ್ಟಿನ ಒಂದು ಬದಿಯನ್ನೆಲ್ಲ ಒಂದೇ ಹಾಡಿನಲ್ಲಿ ನುಂಗುವ ಪ್ರೋಗ್ರೆಸಿವ್ ರಾಕ್‌ನವರು 'ಓದ್ಕೊಂಡೋರು'. ಅವರ ಮೇಲೆ ಸಿಟ್ಟಾಗಿ, ಗಿಟಾರಿನ ಮೂರೇ ಸ್ವರಗುಚ್ಛ ಕಲಿತು ಪಂಕ್ ಕಟ್ಟಿದವರು 'ಜಗಳಗಂಟ್ರು'. ಪಂಕಿನ ವೇಗವನ್ನೂ ಮೆಟಲ್ಲಿನ ತೂಕವನ್ನೂ ಸೇರಿಸಿ ಥ್ರ್ಯಾಶ್ ಹುಟ್ಟಿದಾಗ ಮಾಮ ನೆಂಟಸ್ತಿಕೆ ಕೂಡಿಬಂದಷ್ಟು ಸಂಭ್ರಮಪಟ್ಟರು. ನಾನಾಗ ಕಾಲೇಜಿನಲ್ಲಿದ್ದೆ. ನಮ್ಮ ಗುಂಪಿಗೆ ಆ ಪರದೆಯ ಹಿಂದೆಯೇ ಸಂಜೆ ಕಳೆಯುತ್ತಿತ್ತು.

ಆಮೇಲೆ ಅವರ ಕಿವಿ ಮಂದವಾಗತೊಡಗಿತು. ವರ್ಷಗಟ್ಟಲೆ ಹೆಡ್‌ಫೋನ್ ಹಾಕಿಕೊಂಡಿದ್ದಕ್ಕೋ ಏನೋ. ಎಲ್ಲದಕ್ಕೂ "ಹಾಂ?" ಎನ್ನತೊಡಗಿದರು. ರೆಕಾರ್ಡಿಂಗ್ ಮಟ್ಟವನ್ನು ಮೊದಲಿನಿಂದಲೂ ಮೀಟರಿನ ಮುಳ್ಳು ನೋಡದೆ ಕಿವಿಯಿಂದಲೇ ಇಡುವುದು ಅವರ ಹೆಮ್ಮೆ. ಕೇಳಿಸದಷ್ಟೂ ಗುಂಡಿ ತಿರುಗಿಸಿದರು. ಮುಳ್ಳು, ಸದ್ದು ಮಿತಿಮೀರಿತೆಂದು ತೋರಿಸುವ ಕೆಂಪಿಗೆ ಹೋಗಿ ಅಲ್ಲೇ ಅಂಟಿಕೊಂಡಿತು, ಹಾಡೆಲ್ಲ ಒಡೆದು ಗೊರಗೊರ ಎನ್ನತೊಡಗಿತು. ಭಕ್ತಿಗೀತೆಯವರು ಒಬ್ಬೊಬ್ಬರಾಗಿ ಕ್ಯಾಸೆಟ್ ವಾಪಸ್ ತಂದರು. "ಏನ್ರೀ ಇದು, ದೇವ್ರ್ ಹಾಡು ಹಿಟ್ಟಿನ ಗಿರಣಿ ಥರ ಕೇಳುತ್ತೆ!" ಮಾಮ "ಹಾಂ?" ಎಂದು, ಹಾಡು ಹಿಡಿಸಲಿಲ್ಲವೇನೋ ಎಂದುಕೊಂಡು ದುಡ್ಡು ಹಿಂತಿರುಗಿಸಿದರು.

ನಾವು ಮಾತ್ರ ವಾಪಸ್ ತರಲಿಲ್ಲ. ಕಾರ್ಖಾನೆ ಊರಿನವರು ಇನ್ನಷ್ಟು ಭಾರವಾಗಿದ್ದಾರೆ, ಇದು ಹೊಸ ಪ್ರಕಾರ ಎಂದುಕೊಂಡು ಕುಣಿದಾಡಿದೆವು. ಮೂಲ ಕೇಳಿದವರು ನಮ್ಮಲ್ಲಿ ಯಾರಿದ್ದರು? ಆ ಸದ್ದಿಗೆ 'ನಜರ್‌ಬಾದ್ ಮೆಟಲ್' ಎಂಬ ಹೆಸರೂ ಬಿತ್ತು, ದೂರದ ಒಂಟಿಕೊಪ್ಪಲಿನಿಂದ ಹುಡುಗರು ಸೈಕಲ್ ತುಳಿದುಕೊಂಡು ಬಂದರು. ಉಳಿದ ಗಿರಾಕಿಗಳು ನಾವಷ್ಟೇ ಆದೆವು. ಮಾಮನಿಗೆ ಅದರಲ್ಲೇ ಆನಂದ. ಅತ್ತೆ, ಅಂದರೆ ಅವರ ಹೆಂಡತಿ, ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದರು. ಅದು ಹೊಸ ಪ್ರಕಾರವಲ್ಲ, ಮಾಮನ ಕಿವಿಯಿಂದಾಗಿ ಟೇಪು ಹಾಳಾಗುತ್ತಿದೆ ಎಂದು ನನಗೆ ಗೊತ್ತಾದದ್ದೇ ಆಗ.

"ಹೇಳ್ಬುಟ್ಟೀಯ, ಬೇಡ ಕಣಮ್ಮ. ಕಿವಿ ಹೋಗ್ತಿದೆ ಅಂತ ಅವ್ರಿಗೆ ಗೊತ್ತು. ಹಾಡೂ ಹೋಗ್ತಿದೆ ಅಂತ ಗೊತ್ತಿಲ್ಲ. ಗೊತ್ತಾದ್ರೆ ಬದ್ಕಲ್ಲ."

ನಾನು ಯಾರಿಗೂ ಹೇಳಲಿಲ್ಲ. ಆದರೆ ನಮ್ಮ ಗುಂಪಿನವನೊಬ್ಬ ದುಬೈನ ಚಿಕ್ಕಪ್ಪ ಕೊಟ್ಟ ಸಿ.ಡಿ.ಯನ್ನೂ ಪ್ಲೇಯರನ್ನೂ ಹೊತ್ತು ತಂದ. ಅದೇ ಕಾರ್ಖಾನೆ ಊರಿನವರ ಅದೇ ಹಾಡು. ಗಿಟಾರಿನ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿಸಿತು. ಎಲ್ಲರೂ ಮುಖ ಮುಖ ನೋಡಿಕೊಂಡೆವು. ಅದು ಮಾಮನ ಕಣ್ಣಿಗೆ ಬಿತ್ತು. ಹೆಡ್‌ಫೋನ್ ಹಾಕಿಕೊಂಡು ಅದನ್ನೂ ಕೇಳಿದರು, ತಮ್ಮ ಕ್ಯಾಸೆಟ್ಟನ್ನೂ ಕೇಳಿದರು. ನನ್ನ ಕಡೆ ತಿರುಗಿ, "ಎರಡೂ ಒಂದೇ ಅಲ್ವೇನಮ್ಮ?" ಎಂದರು.

"ಒಂದೇ ಮಾಮ," ಎಂದೆ.

ಅಷ್ಟರಲ್ಲಾಗಲೇ ಅವರು ಮಾತನ್ನು ಕಿವಿಯಿಂದಲ್ಲ, ಮುಖದಿಂದ ತಿಳಿಯುತ್ತಿದ್ದರು ಎಂಬುದು ನನಗೆ ಹೊಳೆಯಲೇ ಇಲ್ಲ. ಬಾಯಿ ಒಂದು ಹೇಳಿತ್ತು, ಮುಖ ಇನ್ನೊಂದು. ಅವರು ಮೀಟರಿನ ಮುಳ್ಳಿನ ಕಡೆ ನೋಡಿದರು, ಬಹುಶಃ ಎಷ್ಟೋ ಕಾಲದ ಮೇಲೆ. ಡೆಕ್ ಆರಿಸಿದರು. ಸ್ಪಿರಿಟ್ ಬಾಟಲಿಯ ಮುಚ್ಚಳ ಬಿಗಿ ಮಾಡಿ, "ಸಾಕು, ಮನೆಗ್ ಹೋಗ್ರಪ್ಪ," ಎಂದರು.

ಅಂಗಡಿ ಮತ್ತೆ ತೆರೆಯಲಿಲ್ಲ. ಮೂಲ ಕೇಳಿ ಕೇಳಿ ಉಳಿದವರೂ ಅವರ ಕ್ಯಾಸೆಟ್ಟುಗಳನ್ನು ಎಸೆದರು. ಮಾಮ ಜಗಲಿಯ ಮೇಲೆ ಕೂತಿರುತ್ತಿದ್ದರು. ನಾನು ಹಾದುಹೋದರೆ ಬೀದಿಗೆಲ್ಲ ಕೇಳುವಂತೆ, "ಯಾವ್ದಮ್ಮ ಹೊಸ ಮನೆತನ ಬಂದಿರೋದು?" ಎಂದು ಕೂಗುತ್ತಿದ್ದರು. ಅಮೆರಿಕದ ಮಳೆ ಊರೊಂದರಿಂದ ಗ್ರಂಜ್ ಬಂದಿದೆ ಮಾಮ, ಪಂಕಿಗೂ ಮೆಟಲ್ಲಿಗೂ ಹುಟ್ಟಿದ್ದು, ತುಂಬ ದುಃಖದ್ದು ಎಂದು ಬಾಯಿ ಅಗಲಿಸಿ ಹೇಳುತ್ತಿದ್ದೆ. "ದುಃಖಾನಾ? ಹಂಗಾದ್ರೆ ತಾತನ್ನೇ ಹೋಲುತ್ತೆ ಬುಡು," ಎನ್ನುತ್ತಿದ್ದರು. ತಾತ ಅಂದರೆ ಬ್ಲೂಸ್.

ಒಂದು ಬೆಳಿಗ್ಗೆ ಹಾಲಿಗೆ ಹೋದವರು ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ತೀರಿಕೊಂಡರು. ಲಾರಿಯವನು ಹಾರ್ನ್ ಹೊಡೆದಿದ್ದನಂತೆ, ಬೇಕಾದಷ್ಟು...

ಲ್ಯಾಬಿನಿಂದ ಬಂದು ಫೋನಿನಲ್ಲಿ ಆ ಹಾಡು ಹುಡುಕಿದೆ. ಈಗೆಲ್ಲ ಸಿಗುತ್ತವೆ, ತೊಳೆದಿಟ್ಟ ಪಾತ್ರೆಯ ಹಾಗೆ ಸ್ವಚ್ಛವಾಗಿ. ಇಯರ್‌ಫೋನ್ ಸಿಕ್ಕಿಸಿಕೊಂಡು ವಾಲ್ಯೂಮ್ ಏರಿಸುತ್ತಾ ಹೋದೆ. ಇನ್ನೂ ಜೋರು ಮಾಡಿದರೆ ಕಿವಿಗೆ ಹಾನಿ ಎಂದು ಫೋನು ಎಚ್ಚರಿಸಿತು. ಪರವಾಗಿಲ್ಲ ಎಂದು ಒತ್ತಿ ಕೊನೆಯ ಗೆರೆಯವರೆಗೂ ಏರಿಸಿದೆ. ಕಿವಿ ನೋಯಿತೇ ಹೊರತು ಆ ಸದ್ದು ಬರಲಿಲ್ಲ. ಅದು ಕಾರ್ಖಾನೆ ಊರಿನವರದ್ದಾಗಿರಲಿಲ್ಲ, ನಮ್ಮ ಮಾಮನದಾಗಿತ್ತು. ಅವರಿಗೆ ಅದು ಒಮ್ಮೆಯೂ ಕೇಳಿಸಲಿಲ್ಲ.